ಕೊಡಗಿನ ಕಾಫಿ, ಕಾಳುಮೆಣಸು ಗಡಿ ದಾಟುವ ಮುನ್ನ: ಸಸ್ಯ ಸಂಗರೋಧ ಮತ್ತು ರಫ್ತು-ಆಮದು ನಿಯಮಗಳ ಸಮಗ್ರ ಮಾರ್ಗದರ್ಶಿ

ದೇಶದ ಒಟ್ಟು ಕಾಫಿಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕೊಡಗಿನ ತೋಟಗಳಿಂದ ಬರುತ್ತದೆ. ಭಾರತದ ಕಾಫಿಯ ಬಹುಪಾಲು ಕೊನೆಗೆ ಹಡಗು ಹತ್ತುತ್ತದೆ. ಆದರೂ ರಫ್ತಿನ ನಿಯಮಗಳೇನಿದ್ದರೂ ರಫ್ತುದಾರರ ತಲೆನೋವು, ಚೆರ್ರಿ (ಸಿಪ್ಪೆ ಸಹಿತ ಕಾಫಿ ಹಣ್ಣು) ಒಣಗಿಸಿ ಚೀಲಕ್ಕೆ ತುಂಬಿ ವ್ಯಾಪಾರಿಗೆ ತೂಗಿ ಕೊಟ್ಟರೆ ತಮ್ಮ ಹೊಣೆ ಮುಗಿಯಿತು ಎಂಬ ಭಾವನೆ ಬೆಳೆಗಾರರಲ್ಲಿ ಇನ್ನೂ ಇದೆ. ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುತ್ತಿದ್ದ ವ್ಯವಸ್ಥೆಗೆ) ಒಪ್ಪಿಸಬೇಕಾಗಿದ್ದ ಕಾಲದಲ್ಲಿ ಈ ಭಾವನೆ ಸಹಜವಾಗಿತ್ತು. 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಅವಕಾಶ ದೊರೆತ ಮೇಲೆ ಪರಿಸ್ಥಿತಿ ಬದಲಾಯಿತು. ಇಂದು ವಿದೇಶಿ ಬಂದರಿನಲ್ಲಿ ತಪಾಸಣೆಗೆ ಒಳಗಾಗುವುದು ರಫ್ತುದಾರರ ಕಾಗದಪತ್ರ ಮಾತ್ರವಲ್ಲ. ಜೂನ್ ತಿಂಗಳಲ್ಲಿ ತೋಟಕ್ಕೆ ಯಾವ ಔಷಧಿ ಹೊಡೆದಿರಿ, ಜನವರಿಯಲ್ಲಿ ಕಣದ ಮೇಲೆ ಎಷ್ಟು ದಿನ ಒಣಗಿಸಿದಿರಿ, ಪಹಣಿಯಲ್ಲಿ ಯಾರ ಹೆಸರಿದೆ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ರಫ್ತಿನ ತಯಾರಿಯನ್ನು ತೋಟದಿಂದ ಬಂದರಿನ ಕಡೆಗೆ ಯೋಚಿಸದೆ, ಕೊಳ್ಳುವ ದೇಶದ ಬಂದರಿನಿಂದ ನಮ್ಮ ತೋಟದ ಕಡೆಗೆ ಹಿಮ್ಮುಖವಾಗಿ ಯೋಚಿಸಬೇಕು. ಈ ಮಾರ್ಗದರ್ಶಿಯ ಕ್ರಮವೂ ಅದೇ.

ನಿಯಮಗಳ ಮೂಲ

ಎರಡು ಬಗೆಯ ನಿಯಮಗಳನ್ನು ಬೇರೆ ಬೇರೆಯಾಗಿ ಗ್ರಹಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲನೆಯದು ಸಸ್ಯಗಳ ಆರೋಗ್ಯಕ್ಕೆ ಸಂಬಂಧಿಸಿದ್ದು: ಒಂದು ದೇಶದ ಕೀಟ, ರೋಗ, ಕಳೆಗಳು ಸರಕಿನ ಜೊತೆ ಇನ್ನೊಂದು ದೇಶಕ್ಕೆ ಹೋಗಬಾರದು. ಇದಕ್ಕೆ ಆಧಾರ 1951ರ ಅಂತಾರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ. ಎರಡನೆಯದು ತಿನ್ನುವವರ ಆರೋಗ್ಯಕ್ಕೆ ಸಂಬಂಧಿಸಿದ್ದು: ಕೀಟನಾಶಕದ ಉಳಿಕೆ, ಬೂಷ್ಟಿನ ವಿಷ, ರೋಗಾಣುಗಳು. ಇಲ್ಲಿ ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡಗಳು ಬುನಾದಿಯಾಗಿದ್ದರೂ ಪ್ರತಿ ದೇಶವೂ ವೈಜ್ಞಾನಿಕ ಆಧಾರ ತೋರಿಸಿ ಅದಕ್ಕಿಂತ ಬಿಗಿಯಾದ ಮಿತಿ ಹಾಕಬಹುದು. 1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ನೈರ್ಮಲ್ಯ ಮತ್ತು ಸಸ್ಯಾರೋಗ್ಯ ಒಪ್ಪಂದ ಆ ಹಕ್ಕನ್ನು ನೀಡಿದೆ.

ಭಾರತದಲ್ಲಿ ಸಸ್ಯ ಸಂಗರೋಧದ (ಕ್ವಾರಂಟೈನ್, ಅಂದರೆ ಕೀಟ-ರೋಗ ಹರಡದಂತೆ ಸರಕನ್ನು ತಡೆದು ತಪಾಸಣೆ ಮಾಡುವುದರ) ಅಧಿಕಾರ 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆಯಿಂದ ಬಂದದ್ದು. ಕೇಂದ್ರ ಕೃಷಿ ಸಚಿವಾಲಯದ ಅಡಿಯಲ್ಲಿ ಫರೀದಾಬಾದಿನಲ್ಲಿರುವ ಸಸ್ಯ ಸಂರಕ್ಷಣೆ, ಸಂಗರೋಧ ಮತ್ತು ದಾಸ್ತಾನು ನಿರ್ದೇಶನಾಲಯ ಇದರ ಹೊಣೆ ಹೊತ್ತಿದೆ. ಕೊಡಗಿನವರಿಗೆ ಸಾಮಾನ್ಯವಾಗಿ ಕೆಲಸ ಬೀಳುವುದು ಈ ನಿರ್ದೇಶನಾಲಯದ ಮಂಗಳೂರು ಮತ್ತು ಬೆಂಗಳೂರು ಕೇಂದ್ರಗಳಲ್ಲಿ. ಸರಕು ಕೊಚ್ಚಿಯ ಮೂಲಕ ಹೋಗುವುದಾದರೆ ಅಲ್ಲಿನ ಕೇಂದ್ರದಲ್ಲಿ.

ಹೆಜ್ಜೆ 1: ದೇಶ ಯಾವುದೆಂದು ಮೊದಲು ತೀರ್ಮಾನಿಸಿ

ಕುಯಿಲು ಮುಗಿದ ಮೇಲೆ ಖರೀದಿದಾರರನ್ನು ಹುಡುಕುವುದು ರೂಢಿ. ಆದರೆ ನಿಯಮದ ದೃಷ್ಟಿಯಿಂದ ಅದು ತಡವಾದ ಹುಡುಕಾಟ, ಏಕೆಂದರೆ ಒಂದೇ ಸರಕು ಒಂದು ದೇಶಕ್ಕೆ ಸಲ್ಲಬಹುದು, ಮತ್ತೊಂದಕ್ಕೆ ಸಲ್ಲದಿರಬಹುದು. ಮೇ ತಿಂಗಳೊಳಗೆ, ಅಂದರೆ ಮುಂಗಾರಿನ ಸಿಂಪಡಣೆಗೆ ಮೊದಲು, ಈ ವರ್ಷದ ಫಸಲು ಎಲ್ಲಿಗೆ ಹೋಗಬಹುದು ಎಂಬ ಅಂದಾಜು ನಿಮ್ಮ ಬಳಿ ಇರಬೇಕು. ಖಚಿತವಿಲ್ಲದಿದ್ದರೆ ಐರೋಪ್ಯ ಒಕ್ಕೂಟಕ್ಕೆ ಹೋಗುತ್ತದೆಂದೇ ಎಣಿಸಿ ಕೆಲಸ ಮಾಡುವುದು ಕ್ಷೇಮ. ಭಾರತದ ಕಾಫಿಗೆ ಇಟಲಿಯೇ ಅತಿ ದೊಡ್ಡ ಗ್ರಾಹಕ, ಜರ್ಮನಿ ಮತ್ತು ಬೆಲ್ಜಿಯಂ ಕೂಡ ಹಿಂದೆ ಬಿದ್ದಿಲ್ಲ.

ಒಂದೊಂದು ದೇಶದ ಬಿಗಿ ಒಂದೊಂದು ಕಡೆ. ಐರೋಪ್ಯ ಒಕ್ಕೂಟವು ಯಾವುದಾದರೂ ಕೀಟನಾಶಕಕ್ಕೆ ಪ್ರತ್ಯೇಕ ಮಿತಿ ನಿಗದಿಪಡಿಸಿರದಿದ್ದರೆ ಕಿಲೋಗೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿಯನ್ನು ಅನ್ವಯಿಸುತ್ತದೆ. ಜಪಾನ್ ಕೂಡ 2006ರಿಂದ ಇದೇ ಪ್ರಮಾಣದ ಏಕರೂಪ ಮಿತಿಯನ್ನು ಪಾಲಿಸುತ್ತಿದೆ. ಅಮೆರಿಕಕ್ಕೆ ಕಳುಹಿಸುವವರು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದಲ್ಲಿ ಸಂಸ್ಕರಣಾ ಘಟಕವನ್ನು ನೋಂದಾಯಿಸಬೇಕು, ಸಮ ಸಂಖ್ಯೆಯ ವರ್ಷಗಳ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಅದನ್ನು ನವೀಕರಿಸಬೇಕು, ಪ್ರತಿ ಸರಕಿಗೂ ಮುಂಗಡ ಸೂಚನೆ ನೀಡಬೇಕು. ಅಮೆರಿಕದ್ದೇ ಆದ ಹವಾಯಿ ಮತ್ತು ಪೋರ್ಟೊರಿಕೊದಲ್ಲಿ ಸ್ವಂತ ಕಾಫಿ ತೋಟಗಳಿರುವುದರಿಂದ ಹುರಿಯದ ಕಾಫಿಬೀಜಕ್ಕೆ ಪ್ರತ್ಯೇಕ ನಿರ್ಬಂಧವಿದೆ. ಸಣ್ಣ ಪೊಟ್ಟಣದಲ್ಲಿ ಹಸಿರು ಬೀಜದ ಮಾದರಿ ಕಳುಹಿಸುವವರು ಇದನ್ನು ಮರೆಯಬಾರದು. ಆಸ್ಟ್ರೇಲಿಯಾ ತನ್ನ ಎಲ್ಲ ಷರತ್ತುಗಳನ್ನು ಬೈಕಾನ್ ಎಂಬ ಸರ್ಕಾರಿ ದತ್ತಾಂಶ ವ್ಯವಸ್ಥೆಯಲ್ಲಿ ಸರಕುವಾರು ಪ್ರಕಟಿಸುತ್ತದೆ.

ಖರೀದಿದಾರರಿಂದ ಮೂರು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಆಮದು ಪರವಾನಗಿ ಬೇಕೇ, ಸರಕಿನಲ್ಲಿ ಕೀಟ-ರೋಗವಿಲ್ಲವೆಂದು ಸರ್ಕಾರ ನೀಡುವ ಸಸ್ಯ ಆರೋಗ್ಯ ಪ್ರಮಾಣಪತ್ರದಲ್ಲಿ ಹೆಚ್ಚುವರಿ ಘೋಷಣೆ (ಇಂಥ ಕೀಟ ಇಲ್ಲವೆಂಬಂತಹ ಹೇಳಿಕೆ) ಏನಾದರೂ ಇರಬೇಕೇ, ಧೂಮೀಕರಣ (ಅನಿಲ ಬಿಟ್ಟು ಕೀಟ ಕೊಲ್ಲುವುದು) ಕಡ್ಡಾಯವೇ ಅಥವಾ ನಿಷಿದ್ಧವೇ. ಫೋನಿನಲ್ಲಿ ಕೇಳಿದ ಉತ್ತರಕ್ಕೆ ಬಂದರಿನಲ್ಲಿ ಬೆಲೆಯಿಲ್ಲ.

ಹೆಜ್ಜೆ 2: ಔಷಧಿಯ ಡಬ್ಬಿ ಮತ್ತು ದಾಖಲೆ ಪುಸ್ತಕ

ಕಿಲೋಗೆ 0.01 ಮಿಲಿಗ್ರಾಂ ಎಂದರೆ ನೂರು ಟನ್ನಿಗೆ ಒಂದು ಗ್ರಾಂ. ಇಪ್ಪತ್ತು ಅಡಿಯ ಕಂಟೇನರಿನಲ್ಲಿ 60 ಕಿಲೋದ 320 ಚೀಲ, ಅಂದರೆ 19.2 ಟನ್ ಕಾಫಿ ಹಿಡಿಸುತ್ತದೆ; ಆ ಇಡೀ ಕಂಟೇನರಿನಲ್ಲಿ ಕಾಲು ಗ್ರಾಮಿಗೂ ಕಡಿಮೆ ಉಳಿಕೆಯಷ್ಟೇ ಇರಬಹುದು. ಈ ಲೆಕ್ಕವನ್ನು ತೋಟದ ರೈಟರ್‌ಗೂ, ಸಿಂಪಡಣೆ ಮಾಡುವವರಿಗೂ ಒಮ್ಮೆ ಹೇಳಿದರೆ ಪಂಪನ್ನು ತೊಳೆಯದೆ ಮತ್ತೊಂದು ಔಷಧಿ ತುಂಬುವ ಅಭ್ಯಾಸ ತಾನಾಗಿ ನಿಲ್ಲುತ್ತದೆ.

ಕ್ಲೋರ್‌ಪೈರಿಫಾಸ್ ಇದಕ್ಕೆ ಒಳ್ಳೆಯ ಉದಾಹರಣೆ. ಕಾಯಿಕೊರಕಕ್ಕೂ, ಕಾಂಡಕೊರಕಕ್ಕೂ ವರ್ಷಗಳಿಂದ ಇದನ್ನು ಬಳಸಿದ ತೋಟಗಳು ನಮ್ಮಲ್ಲಿ ಧಾರಾಳವಾಗಿವೆ. ಐರೋಪ್ಯ ಒಕ್ಕೂಟ 2020ರ ಜನವರಿಯಲ್ಲಿ ಇದರ ಅನುಮೋದನೆಯನ್ನು ನವೀಕರಿಸಲು ನಿರಾಕರಿಸಿತು. ಅದೇ ವರ್ಷದ ನವೆಂಬರ್ 13ರಿಂದ ಆಹಾರದಲ್ಲಿ ಅದರ ಮಿತಿಯನ್ನು ಪ್ರಯೋಗಾಲಯ ಪತ್ತೆಹಚ್ಚಬಲ್ಲ ಕನಿಷ್ಠ ಮಟ್ಟಕ್ಕೆ ಇಳಿಸಿತು. ಇಲ್ಲಿನ ಅಂಗಡಿಯಲ್ಲಿ ಕಾನೂನುಬದ್ಧವಾಗಿ ಸಿಗುವ ಡಬ್ಬಿಯೇ ಅಲ್ಲಿ ಸರಕನ್ನು ಹೊರಗೆ ಹಾಕಿಸಬಹುದು. ಅಂಗಡಿಯವರ ಮಾತಿಗಿಂತ ಕಾಫಿ ಮಂಡಳಿಯ ಶಿಫಾರಸನ್ನೂ, ಖರೀದಿದಾರ ದೇಶದ ಮಿತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಔಷಧಿ ಕೊಳ್ಳುವುದು ಸರಿ.

ದಾಖಲೆ ಪುಸ್ತಕಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ದಿನಾಂಕ, ಬ್ಲಾಕಿನ ಹೆಸರು, ಬೆಳೆ, ಔಷಧಿಯ ರಾಸಾಯನಿಕ ಹೆಸರು, ತಯಾರಿಕಾ ಬ್ಯಾಚ್ ಸಂಖ್ಯೆ, ಬ್ಯಾರಲ್‌ಗೆ ಹಾಕಿದ ಪ್ರಮಾಣ, ಸಿಂಪಡಿಸಿದವರು, ಕುಯಿಲಿಗೆ ಉಳಿದಿರುವ ದಿನಗಳು ಎಂಬ ಕಂಬಸಾಲುಗಳುಳ್ಳ ಉದ್ದ ನೋಟ್‌ಬುಕ್ ಸಾಕು. ವ್ಯಾಪಾರದ ಹೆಸರನ್ನಷ್ಟೇ ಬರೆಯಬೇಡಿ. ಒಂದೇ ರಾಸಾಯನಿಕ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಕೊಡಗಿನಲ್ಲಿ ಇನ್ನೊಂದು ತೊಡಕಿದೆ: ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ, ಕೆಳಗೆ ಕಾಫಿ, ತಗ್ಗಿನಲ್ಲಿ ಏಲಕ್ಕಿ. ಬಳ್ಳಿಗೆ ಹೊಡೆದದ್ದು ಕಾಫಿಯ ಮೇಲೆ ಬೀಳದೆ ಇರದು. ಆದ್ದರಿಂದ ಪ್ರತಿ ಸಿಂಪಡಣೆಯನ್ನೂ ಆ ಬ್ಲಾಕಿನ ಎಲ್ಲ ಬೆಳೆಗಳ ಖಾತೆಗೂ ಬರೆಯಬೇಕು, ಮಿತಿಯನ್ನು ಎಲ್ಲ ಬೆಳೆಗಳಿಗೂ ಪರಿಶೀಲಿಸಬೇಕು.

ಹೆಜ್ಜೆ 3: ಕಣ, ತೇವಾಂಶ, ಬೂಷ್ಟು

ಓಕ್ರಾಟಾಕ್ಸಿನ್ ಎ ಎಂಬುದು ಕೆಲವು ಜಾತಿಯ ಬೂಷ್ಟುಗಳು ಉತ್ಪಾದಿಸುವ ವಿಷ. ಹುರಿದ ಕಾಫಿಗೆ ಐರೋಪ್ಯ ಒಕ್ಕೂಟದಲ್ಲಿ ಕಿಲೋಗೆ 5 ಮೈಕ್ರೋಗ್ರಾಂ ಇದ್ದ ಮಿತಿ 2023ರ ಜನವರಿ 1ರಿಂದ 3ಕ್ಕೆ ಇಳಿದಿದೆ. ದಿಢೀರ್ ಕಾಫಿಗೆ 10ರಿಂದ 5ಕ್ಕೆ. ಹಸಿರು ಬೀಜಕ್ಕೆ ಒಕ್ಕೂಟ ಮಟ್ಟದ ಮಿತಿ ಇಲ್ಲವೆಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಹುರಿಯುವ ಕಂಪನಿಗಳು ತಮ್ಮ ಮಿತಿಯನ್ನು ಹಸಿರು ಬೀಜ ಕೊಳ್ಳುವ ಕರಾರಿನಲ್ಲೇ ಬರೆದುಕೊಳ್ಳುತ್ತವೆ. ಬೂಷ್ಟು ಒಮ್ಮೆ ವಿಷ ಬಿಟ್ಟ ಮೇಲೆ ಆ ಕಾಫಿಯನ್ನು ಎಷ್ಟು ಒಣಗಿಸಿದರೂ ವಿಷ ಹೋಗದು. ತಡೆಯುವ ಜಾಗ ಕಣವೊಂದೇ.

ಕೊಡಗಿನ ರೊಬಸ್ಟಾದ ಬಹುಭಾಗ ಚೆರ್ರಿಯಾಗಿಯೇ ಒಣಗುವುದರಿಂದ ಅಪಾಯ ಇಲ್ಲಿ ಹೆಚ್ಚು. ಹಣ್ಣನ್ನು ಮಣ್ಣಿನ ನೆಲದ ಮೇಲೆ ಹರಡಬಾರದು. ಸಿಮೆಂಟ್ ಕಣ ಅಥವಾ ಶುಚಿಯಾದ ಟಾರ್ಪಾಲು ಬೇಕು. ಕುಯ್ದ ಹಣ್ಣನ್ನು ಚೀಲದಲ್ಲೇ ರಾತ್ರಿ ಇಟ್ಟರೆ ಬಿಸಿಯೇರಿ ಹುದುಗುತ್ತದೆ, ಅದೇ ದಿನ ಹರಡಬೇಕು. ತೆಳುವಾಗಿ ಹರಡಿ ಹಗಲೆಲ್ಲ ಆಗಾಗ ಕೈಯಾಡಿಸಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ಜನವರಿ, ಫೆಬ್ರವರಿಯ ಅಕಾಲಿಕ ಮಳೆಗೆ ನೆನೆದ ರಾಶಿಯನ್ನೂ, ಗಿಡದ ಬುಡದಿಂದ ಹೆಕ್ಕಿದ ಉದುರು ಕಾಫಿಯನ್ನೂ ಯಾವ ಕಾರಣಕ್ಕೂ ಒಳ್ಳೆಯ ರಾಶಿಗೆ ಬೆರೆಸಬಾರದು. ಉದುರು ಕಾಫಿ ಹೆಕ್ಕುವುದು ಕಾಯಿಕೊರಕದ ಹತೋಟಿಗೆ ಅತ್ಯಗತ್ಯ. ಆದರೆ ನೆಲಕ್ಕೆ ತಾಗಿ ದಿನಗಟ್ಟಲೆ ಬಿದ್ದಿದ್ದ ಆ ಕಾಯಿಯಲ್ಲೇ ಬೂಷ್ಟಿನ ಅಪಾಯವೂ ಅತಿ ಹೆಚ್ಚು. ಹೆಕ್ಕಿ, ಬೇರೆಯಾಗಿ ಒಣಗಿಸಿ, ಬೇರೆಯಾಗಿ ಮಾರಿ.

ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಗುಣಮಟ್ಟದ ಗುರಿಯಂತೆ ಹಸಿರು ಬೀಜದ ತೇವಾಂಶ ಶೇ 8ಕ್ಕಿಂತ ಕಡಿಮೆಯೂ 12.5ಕ್ಕಿಂತ ಹೆಚ್ಚೂ ಇರಬಾರದು. 300 ಗ್ರಾಂ ಮಾದರಿಯಲ್ಲಿ ಅರೇಬಿಕಾಗೆ 86, ರೊಬಸ್ಟಾಗೆ 150 ದೋಷಗಳವರೆಗೆ ಅವಕಾಶವಿದೆ. ಹಲ್ಲಿನಲ್ಲಿ ಕಚ್ಚಿ, ಕಿವಿಯ ಹತ್ತಿರ ಅಲುಗಿಸಿ ತೇವ ಹೇಳುವ ಹಿರಿಯರ ಅನುಭವಕ್ಕೆ ಗೌರವವಿಟ್ಟೇ ಹೇಳುತ್ತೇನೆ, ತೇವಾಂಶ ಮಾಪಕವಿಲ್ಲದೆ ರಫ್ತಿನ ಮಾತು ಬೇಡ. ಸರಿಯಾಗಿ ಒಣಗಿದ ಕಾಫಿಯೂ ಕೊಡಗಿನ ಮಳೆಗಾಲದಲ್ಲಿ ಗೋದಾಮಿನೊಳಗೇ ತೇವ ಹೀರುತ್ತದೆ. ಜುಲೈ ತಿಂಗಳಲ್ಲಿ ಗೋಡೆಗೆ ಒರಗಿಸಿಟ್ಟ ಚೀಲದ ಒಳಬದಿಯನ್ನು ಅಳೆದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಚೀಲಗಳು ಮರದ ಹಲಗೆಗಳ ಮೇಲಿರಲಿ, ಗೋಡೆಯಿಂದ ದೂರವಿರಲಿ, ಸಾಧ್ಯವಾದರೆ ಜೂನ್‌ಗೆ ಮೊದಲೇ ಕ್ಯೂರಿಂಗ್ ವರ್ಕ್ಸ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಘಟಕ) ಸೇರಲಿ.

ಕಾಳುಮೆಣಸಿಗೆ ಓಕ್ರಾಟಾಕ್ಸಿನ್ ಮಿತಿ ಐರೋಪ್ಯ ಒಕ್ಕೂಟದಲ್ಲಿ ಕಿಲೋಗೆ 15 ಮೈಕ್ರೋಗ್ರಾಂ. ಮೆಣಸಿನಲ್ಲಿ ಸಾಲ್ಮೊನೆಲ್ಲಾ ರೋಗಾಣುವಿನ ಕಾಟವೂ ಉಂಟು. ಕಣದಲ್ಲಿ ಕೋಳಿ, ನಾಯಿ, ಹಕ್ಕಿ ಓಡಾಡದಂತೆ ಬಲೆ ಕಟ್ಟುವುದು ಇದಕ್ಕಾಗಿ. ಸಂಸ್ಕರಣಾ ಘಟಕದಲ್ಲಿ ರೋಗಾಣು ನಾಶಕ್ಕೆ ಎಥಿಲೀನ್ ಆಕ್ಸೈಡ್ ಅನಿಲ ಬಳಸಿದ ಮಸಾಲೆಯನ್ನು ಐರೋಪ್ಯ ಒಕ್ಕೂಟ ಒಪ್ಪದು. ಹಬೆಯಿಂದ ಶುದ್ಧೀಕರಿಸುವ ಘಟಕವನ್ನೇ ಆರಿಸಬೇಕು.

ಹೆಜ್ಜೆ 4: ಅರಣ್ಯನಾಶ ನಿಯಮ ಮತ್ತು ಜಮೀನಿನ ದಾಖಲೆ

ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮವು ಕಾಫಿ, ಕೋಕೊ, ರಬ್ಬರ್, ಮರ, ತಾಳೆ, ಸೋಯಾ, ದನ ಎಂಬ ಏಳು ಸರಕುಗಳಿಗೆ ಅನ್ವಯಿಸುತ್ತದೆ. ಕಾಳುಮೆಣಸು, ಏಲಕ್ಕಿ ಇದರಲ್ಲಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಜಾರಿಯ ದಿನಾಂಕ ಎರಡು ಬಾರಿ ಮುಂದೆ ಹೋಗಿದೆ. 2025ರ ಡಿಸೆಂಬರಿನ ತಿದ್ದುಪಡಿಯಂತೆ ದೊಡ್ಡ ಹಾಗೂ ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ರಿಂದ, ಸಣ್ಣ ಹಾಗೂ ಅತಿ ಸಣ್ಣವುಗಳಿಗೆ 2027ರ ಜೂನ್ 30ರಿಂದ ಅದು ಅನ್ವಯವಾಗುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ವರ್ಗೀಕರಣದಲ್ಲಿ ಭಾರತ ಕಡಿಮೆ ಅಪಾಯದ ದೇಶವೆಂದು ಸೇರಿದೆ. ಇದರಿಂದ ಆಮದುದಾರರ ಪರಿಶೀಲನೆ ಹಗುರವಾಗುತ್ತದೆ, ಆದರೆ ತೋಟದ ಸ್ಥಳ ವಿವರ ಕೊಡುವ ಹೊಣೆ ತಪ್ಪುವುದಿಲ್ಲ.

ಸ್ಥಳ ವಿವರವೆಂದರೆ ಅಕ್ಷಾಂಶ, ರೇಖಾಂಶ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಯವರೆಗಿನ ತಾಕಿಗೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ತೋಟದ ಸುತ್ತಲಿನ ಗಡಿರೇಖೆಯನ್ನೇ ನೀಡಬೇಕು. ಸಂಖ್ಯೆಗಳಲ್ಲಿ ದಶಮಾಂಶದ ಆರು ಸ್ಥಾನಗಳಿರಬೇಕು. ಆರನೆಯ ಸ್ಥಾನದ ಒಂದಂಕಿ ನೆಲದ ಮೇಲೆ ಸುಮಾರು ಹನ್ನೊಂದು ಸೆಂಟಿಮೀಟರ್. ದಟ್ಟ ನೆರಳಿನ ತೋಟದಲ್ಲಿ ಮೊಬೈಲಿನ ಜಿಪಿಎಸ್ ಹತ್ತಾರು ಅಡಿ ಅತ್ತಿತ್ತ ತೋರಿಸುವುದುಂಟು. ಬಿಂದುವನ್ನು ಮರದಡಿ ನಿಂತು ಗುರುತಿಸದೆ ತೋಟದ ನಡುವಿನ ತೆರೆದ ಜಾಗದಲ್ಲಿ ನಿಂತು, ಸಂಖ್ಯೆ ಸ್ಥಿರವಾದ ಮೇಲೆ ಗುರುತಿಸಿ. ತೋಟ ಮೀಸಲು ಅರಣ್ಯಕ್ಕೋ ದೇವರಕಾಡಿಗೋ ತಾಗಿದ್ದರೆ ಈ ಎಚ್ಚರ ಇಮ್ಮಡಿ ಬೇಕು, ಏಕೆಂದರೆ ತಪ್ಪಿದ ಬಿಂದು ಕಾಡಿನೊಳಗೆ ಬಿದ್ದರೆ ಉಪಗ್ರಹ ಚಿತ್ರ ನೋಡುವವರಿಗೆ ನೀವು ಕಾಡಿನೊಳಗೇ ಕಾಫಿ ಬೆಳೆದಂತೆ ಕಾಣುತ್ತದೆ. ಬೆಳೆಗಾರರ ನೋಂದಣಿಗಾಗಿ ಕಾಫಿ ಮಂಡಳಿ ಮೊಬೈಲ್ ಆಪ್ ರೂಪಿಸಿದೆ. ಮಂಡಳಿಯ ಸಂಪರ್ಕ ಕಚೇರಿಯ ಸಿಬ್ಬಂದಿಯ ನೆರವಿನಿಂದ ಅದರಲ್ಲಿ ನೋಂದಾಯಿಸಿಕೊಳ್ಳುವುದು ಉತ್ತಮ.

ಈ ನಿಯಮ ಅರಣ್ಯದ ಪ್ರಶ್ನೆಗೆ ನಿಲ್ಲುವುದಿಲ್ಲ. ಉತ್ಪಾದನೆಯು ಆಯಾ ದೇಶದ ಭೂ ಹಕ್ಕು, ಕಾರ್ಮಿಕ, ತೆರಿಗೆ ಕಾನೂನುಗಳಿಗೆ ಅನುಗುಣವಾಗಿದೆಯೇ ಎಂದೂ ಕೇಳುತ್ತದೆ. ಕೊಡಗಿನ ನಿಜವಾದ ತಲೆಬಿಸಿ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಮೀನಿನ ಪಹಣಿಯಲ್ಲಿ ಒಕ್ಕದ (ಮನೆತನದ) ಪಟ್ಟೆದಾರರ, ಅಂದರೆ ಯಜಮಾನರ ಹೆಸರು, ಎಂದೋ ತೀರಿಕೊಂಡ ಹಿರಿಯರ ಹೆಸರು ಹಾಗೆಯೇ ಉಳಿದಿರುತ್ತದೆ. ಬಾಣೆಯಲ್ಲಿ (ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಮೀನಿನಲ್ಲಿ) ಕಾಫಿ ಬೆಳೆಯುತ್ತಿರುವ ಸದಸ್ಯರ ಹೆಸರು ಮೊದಲ ಸಾಲಿನಲ್ಲಿ ಇರುವುದೇ ಅಪರೂಪ. ಇಂತಹವರು ಕುಟುಂಬದೊಳಗಿನ ಪಾಲು ಪತ್ರ, ವಂಶವೃಕ್ಷ, ಅನುಭೋಗದ ಬಗ್ಗೆ ಪಟ್ಟೆದಾರರ ಒಪ್ಪಿಗೆ ಪತ್ರ, ಸರ್ವೆ ನಕ್ಷೆ ಇವುಗಳ ಪ್ರತಿಗಳನ್ನು ಒಂದೇ ಕಡತದಲ್ಲಿ ಜೋಡಿಸಿ, ಕಾಫಿ ಮಂಡಳಿಯ ನೋಂದಣಿ, ಬ್ಯಾಂಕ್ ಖಾತೆ ಮತ್ತು ಮಾರಾಟದ ಬಿಲ್ಲಿನಲ್ಲಿ ಒಂದೇ ಹೆಸರು, ಒಂದೇ ಕಾಗುಣಿತ ಇರುವಂತೆ ನೋಡಿಕೊಳ್ಳಬೇಕು. ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬಂದರೂ ಪರದೇಶದ ಪರಿಶೀಲಕರಿಗೆ ಅದು ಇಬ್ಬರು ವ್ಯಕ್ತಿಗಳಂತೆ ಕಾಣುತ್ತದೆ.

ನಿಯಮಕ್ಕೆ ಹೊಂದುವ ಮತ್ತು ಹೊಂದದ ಕಾಫಿಯನ್ನು ಬೆರೆಸಿ, ಒಟ್ಟು ತೂಕದಲ್ಲಿ ಲೆಕ್ಕ ಸರಿದೂಗಿಸಲು ಅವಕಾಶವಿಲ್ಲ. ಮೂಲ ಗೊತ್ತಿಲ್ಲದ ಒಂದು ಚೀಲ ಸೇರಿದರೂ ಇಡೀ ಲಾಟ್ (ಒಟ್ಟಿಗೆ ಕಳುಹಿಸುವ ರಾಶಿ) ಕೆಡುತ್ತದೆ. ಸ್ಥಳೀಯ ವ್ಯಾಪಾರಿಗೆ ಮಾರುವ ಸಣ್ಣ ಬೆಳೆಗಾರರು ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ, ಕುಯಿಲಿನ ಅವಧಿ ಬರೆಸಿಕೊಳ್ಳಲಿ.

ಹೆಜ್ಜೆ 5: ನೋಂದಣಿಗಳು

ಸ್ವತಃ ರಫ್ತು ಮಾಡುವವರಿಗೆ ಮಾತ್ರ ಈ ಹೆಜ್ಜೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಪ್ಯಾನ್ ಆಧಾರಿತ ಆಮದು-ರಫ್ತು ಕೋಡ್ ಪಡೆಯಬೇಕು. ಶುಲ್ಕ 500 ರೂಪಾಯಿ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ಆನ್‌ಲೈನ್‌ನಲ್ಲಿ ವಿವರ ದೃಢಪಡಿಸದಿದ್ದರೆ ಕೋಡ್ ನಿಷ್ಕ್ರಿಯವಾಗುತ್ತದೆ. ಕಾಫಿಗೆ ಬೆಂಗಳೂರಿನ ಕಾಫಿ ಮಂಡಳಿಯಲ್ಲಿ, ಮೆಣಸು ಮತ್ತು ಏಲಕ್ಕಿಗೆ ಕೊಚ್ಚಿಯ ಸಾಂಬಾರ ಮಂಡಳಿಯಲ್ಲಿ, ಜೇನು ಮತ್ತು ಹಣ್ಣುಗಳಿಗೆ ಅಪೆಡಾದಲ್ಲಿ (ಕೃಷಿ ಮತ್ತು ಸಂಸ್ಕರಿತ ಆಹಾರ ರಫ್ತು ಅಭಿವೃದ್ಧಿ ಪ್ರಾಧಿಕಾರ) ರಫ್ತುದಾರರಾಗಿ ನೋಂದಾಯಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ, ಜಿಎಸ್‌ಟಿ ನೋಂದಣಿ, ತೆರಿಗೆ ಕಟ್ಟದೆ ರಫ್ತು ಮಾಡಲು ಮುಚ್ಚಳಿಕೆ ಪತ್ರ, ವಿದೇಶಿ ವಿನಿಮಯ ವಹಿವಾಟಿಗೆ ಬ್ಯಾಂಕಿಗಿರುವ ಎ.ಡಿ. ಕೋಡನ್ನು ಕಸ್ಟಮ್ಸ್‌ನಲ್ಲಿ ದಾಖಲಿಸುವುದು ಇವೆಲ್ಲ ಉಳಿದವು. ಕಸ್ಟಮ್ಸ್ ಏಜೆಂಟರು ಇವನ್ನು ಮಾಡಿಸಿಕೊಡುತ್ತಾರೆ. ಪಾಸ್‌ವರ್ಡ್ ಮಾತ್ರ ನಿಮ್ಮ ಬಳಿಯೇ ಇರಲಿ.

2019ರಲ್ಲಿ ಕೂರ್ಗ್ ಅರೇಬಿಕಾಗೆ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ದೊರೆತಿದೆ. ಆ ಹೆಸರನ್ನು ಚೀಲದ ಮೇಲೆ ಮುದ್ರಿಸುವವರು ಅಧಿಕೃತ ಬಳಕೆದಾರರಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು.

ಹೆಜ್ಜೆ 6: ಲಾಟ್‌ನಿಂದ ಪ್ರಮಾಣಪತ್ರದವರೆಗೆ

ಕೂಡ್ಲೂರಿನ ಕೈಗಾರಿಕಾ ಪ್ರದೇಶದಲ್ಲೋ ಹುಣಸೂರಿನಲ್ಲೋ ಕ್ಯೂರಿಂಗ್ ಮುಗಿದು ಲಾಟ್ ಸಿದ್ಧವಾದ ಮೇಲೆ ಮೊದಲು ಮಾದರಿ ತೆಗೆಸಿ, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಮೇಲಿನ ನಾಲ್ಕು ಚೀಲದಿಂದ ಹಿಡಿ ಹಿಡಿ ತೆಗೆದರೆ ಅದು ಮಾದರಿಯಲ್ಲ. ರಾಶಿಯ ಎಲ್ಲ ಭಾಗದ ಚೀಲಗಳಿಂದಲೂ ಸೂಜಿ ಹಾಕಿ ತೆಗೆಯಬೇಕು. ಮಾದರಿಯ ಒಂದು ಭಾಗವನ್ನು ಮೊಹರು ಮಾಡಿ ನಿಮ್ಮಲ್ಲೇ ಇಟ್ಟುಕೊಳ್ಳಿ.

ಚೀಲದ ಬಗ್ಗೆ: ಸಾಮಾನ್ಯ ಗೋಣಿ ನೇಯುವಾಗ ಖನಿಜ ತೈಲ ಬಳಸುತ್ತಾರೆ, ಅದರ ವಾಸನೆ ಬೀಜಕ್ಕೆ ಹತ್ತುತ್ತದೆ. ಸಸ್ಯಜನ್ಯ ಎಣ್ಣೆ ಬಳಸಿ ನೇಯ್ದ ಆಹಾರ ದರ್ಜೆಯ ಗೋಣಿಯನ್ನೇ ಕೇಳಿ ಪಡೆಯಬೇಕು. ಕಾಫಿ ಚೀಲದ ಮೇಲಿನ ಗುರುತಿನಲ್ಲಿ ಮೊದಲ ಸಂಖ್ಯೆ ದೇಶದ್ದು, ಭಾರತಕ್ಕೆ ಅದು 14. ನಂತರ ರಫ್ತುದಾರರ ಸಂಖ್ಯೆ, ಕೊನೆಗೆ ಲಾಟ್ ಸಂಖ್ಯೆ. ಈ ಗುರುತು ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಮೂಲ ಪ್ರಮಾಣಪತ್ರದಲ್ಲಿ ಇರುವುದಕ್ಕೆ ಅಕ್ಷರಶಃ ಹೊಂದಬೇಕು.

ಮರದ ಪ್ಯಾಲೆಟ್, ಕ್ರೇಟ್, ಕಂಟೇನರಿನೊಳಗೆ ಬಿಗಿಗೊಳಿಸಲು ಇಡುವ ಮರದ ತುಂಡು ಇವುಗಳಿಗೆ ಅಂತಾರಾಷ್ಟ್ರೀಯ ಸಸ್ಯಾರೋಗ್ಯ ಮಾನದಂಡ 15 ಅನ್ವಯಿಸುತ್ತದೆ. ಶಾಖ ಚಿಕಿತ್ಸೆಯಾದರೆ ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಉಷ್ಣತೆ 30 ನಿಮಿಷ ನಿಲ್ಲಬೇಕು; ಮಾನ್ಯತೆ ಪಡೆದ ಘಟಕ ಗೋಧಿ ತೆನೆಯ ಚಿಹ್ನೆಯುಳ್ಳ ಮುದ್ರೆ ಒತ್ತುತ್ತದೆ. ಪ್ಲೈವುಡ್‌ಗೆ ಇದು ಬೇಡ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಹಲಗೆಯಿಂದ ಪ್ಯಾಲೆಟ್ ಬಡಿಸಿ ಉಳಿತಾಯ ಮಾಡಹೋದರೆ ಕಾಫಿಯಲ್ಲಿ ಏನೂ ದೋಷವಿಲ್ಲದಿದ್ದರೂ ಸರಕು ನಿಲ್ಲುತ್ತದೆ.

ಸಸ್ಯ ಆರೋಗ್ಯ ಪ್ರಮಾಣಪತ್ರಕ್ಕೆ ನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಬೇಕು. ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಆಮದು ದೇಶದ ಪರವಾನಗಿ ಇದ್ದರೆ ಅದರ ಪ್ರತಿ ಲಗತ್ತಿಸಬೇಕು. ಸರಕಿನ ಸಸ್ಯಶಾಸ್ತ್ರೀಯ ಹೆಸರನ್ನು ಸರಿಯಾಗಿ ನಮೂದಿಸಿ: ರೊಬಸ್ಟಾಗೆ ಕಾಫಿಯಾ ಕ್ಯಾನೆಫೊರಾ, ಅರೇಬಿಕಾಗೆ ಕಾಫಿಯಾ ಅರೇಬಿಕಾ, ಮೆಣಸಿಗೆ ಪೈಪರ್ ನೈಗ್ರಮ್, ಏಲಕ್ಕಿಗೆ ಎಲೆಟೇರಿಯಾ ಕಾರ್ಡಮೋಮಮ್. ಅಧಿಕಾರಿ ಸರಕನ್ನು ಪರಿಶೀಲಿಸಿ ಮಾದರಿ ನೋಡುತ್ತಾರೆ. ಜೀವಂತ ಕೀಟ, ಮಣ್ಣು, ಕಳೆಬೀಜ ಕಂಡರೆ ಚಿಕಿತ್ಸೆಗೆ ಸೂಚಿಸುತ್ತಾರೆ. ಧೂಮೀಕರಣವನ್ನು ನಿರ್ದೇಶನಾಲಯದ ಮಾನ್ಯತೆ ಪಡೆದ ಸಂಸ್ಥೆಯೇ ಮಾಡಬೇಕು, ಅನಿಲ, ಪ್ರಮಾಣ, ಅವಧಿ, ಉಷ್ಣತೆ ಪತ್ರದಲ್ಲಿ ಬರೆದಿರಬೇಕು. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ತೂಕ, ಚೀಲಗಳ ಸಂಖ್ಯೆ, ಆಮದುದಾರರ ವಿಳಾಸ, ಹೆಚ್ಚುವರಿ ಘೋಷಣೆಯ ಪದಗಳು ಸರಿಯಿವೆಯೇ ನೋಡಿ. ಪೆನ್ನಿನಲ್ಲಿ ತಿದ್ದಿದ ಪತ್ರವನ್ನು ಹೊರದೇಶದವರು ಒಪ್ಪುವುದಿಲ್ಲ.

ಕಂಟೇನರಿನ ಒಳಗೆ ನಿಂತು ಬಾಗಿಲು ಮುಚ್ಚಿಸಿದರೆ ರಂಧ್ರವಿದ್ದಲ್ಲಿ ಬೆಳಕು ಕಾಣುತ್ತದೆ. ನೆಲ ಒಣಗಿರಬೇಕು, ಹಿಂದಿನ ಸರಕಿನ ವಾಸನೆ ಇರಬಾರದು. ಒಳಗೋಡೆಗೆ ಕ್ರಾಫ್ಟ್ ಕಾಗದ ಹಾಸಿ, ತೇವ ಹೀರುವ ಚೀಲಗಳನ್ನು ತೂಗುಹಾಕಿ. ಮಳೆಗಾಲದಲ್ಲಿ ಸಂಪಾಜೆ ಘಾಟಿ ಮಣ್ಣು ಕುಸಿದು ಬಂದ್ ಆಗುವುದುಂಟು. ಹಡಗಿನ ದಿನಾಂಕಕ್ಕೆ ಹಿಂದಿನ ದಿನ ಲಾರಿ ಹೊರಡಿಸುವ ಲೆಕ್ಕ ಬೇಡ.

ಸರಕು ತಿರಸ್ಕೃತವಾದರೆ

ಗಾಬರಿಯಿಂದ ಆಮದುದಾರರ ಎಲ್ಲ ಮಾತಿಗೂ ಒಪ್ಪಿಗೆ ಬರೆದುಕೊಡಬೇಡಿ. ಮೊದಲು ಅಲ್ಲಿನ ಅಧಿಕಾರಿಗಳ ಲಿಖಿತ ಆದೇಶ ಮತ್ತು ಪ್ರಯೋಗಾಲಯದ ವರದಿ ತರಿಸಿಕೊಳ್ಳಿ. ಲಾಟ್ ಸಂಖ್ಯೆ ನಿಮ್ಮದೇ ಎಂದು ಖಚಿತಪಡಿಸಿಕೊಂಡು, ಮೊಹರು ಮಾಡಿಟ್ಟ ಮಾದರಿಯನ್ನು ಮರುಪರೀಕ್ಷೆಗೆ ಕಳುಹಿಸಿ. ಸಾಮಾನ್ಯವಾಗಿ ಇರುವ ದಾರಿಗಳು ಚಿಕಿತ್ಸೆ, ಬೇರೆ ದೇಶಕ್ಕೆ ಮರುರಫ್ತು, ವಾಪಸ್ಸು ತರುವುದು, ಅಲ್ಲೇ ನಾಶಪಡಿಸುವುದು. ಯಾವುದರ ವೆಚ್ಚ ಯಾರ ಮೇಲೆ ಬೀಳುತ್ತದೆ ಎಂಬುದು ಕರಾರಿನ ಮಾತು. ಅದನ್ನು ಸಹಿ ಹಾಕುವ ಮೊದಲೇ ಬರೆಸಿಕೊಂಡಿರಬೇಕು. ಐರೋಪ್ಯ ಒಕ್ಕೂಟದಲ್ಲಿ ಒಂದು ಬಂದರಿನ ದೂರು ಶೀಘ್ರ ಎಚ್ಚರಿಕೆ ವ್ಯವಸ್ಥೆಯ ಮೂಲಕ ಎಲ್ಲ ಸದಸ್ಯ ದೇಶಗಳಿಗೂ ತಲುಪುತ್ತದೆ, ಹಾಗಾಗಿ ಅದೇ ಸರಕನ್ನು ಪಕ್ಕದ ಬಂದರಿಗೆ ಒಯ್ಯುವ ಆಲೋಚನೆ ಫಲಿಸದು.

ಹೊರದೇಶದ ಗಿಡ, ಬೀಜ ತರಿಸುವವರಿಗೆ

ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಎರಡು ಮಿಲಿಮೀಟರೂ ಇಲ್ಲದ ಆ ಕಪ್ಪು ದುಂಬಿ ಅಲ್ಲಿಂದ ವಯನಾಡಿಗೂ ಕೊಡಗಿಗೂ ಹಬ್ಬಿತು. ಆಮೇಲಿನ ಖರ್ಚನ್ನು ನಮ್ಮ ತೋಟಗಳು ಇಂದಿಗೂ ಭರಿಸುತ್ತಿವೆ. ಆಫ್ರಿಕಾದ ಕಾಫಿ ತೋಟಗಳನ್ನು ಕಾಡುವ ಕಾಯಿರೋಗ ಕೀನ್ಯಾದಲ್ಲಿ 1922ರಲ್ಲೇ ವರದಿಯಾಗಿದ್ದರೂ ಭಾರತಕ್ಕೆ ಬಂದಿಲ್ಲ. ಪ್ರವಾಸಕ್ಕೆ ಹೋದವರು ಚೀಲದಲ್ಲಿ ನಾಲ್ಕು ಬೀಜ, ಎರಡು ಕಡ್ಡಿ ಹಾಕಿಕೊಂಡು ಬರುವುದನ್ನು ಕಾನೂನು ಅಪರಾಧವೆಂದು ಎಣಿಸುವುದು ಇದಕ್ಕಾಗಿ.

ಆಮದಿಗೆ 2003ರ ಸಸ್ಯ ಸಂಗರೋಧ ಆದೇಶ ಅನ್ವಯಿಸುತ್ತದೆ. ಅದರ ಅನುಸೂಚಿಗಳನ್ನು ಹೀಗೆ ಓದಿಕೊಳ್ಳಿ: ನಾಲ್ಕನೆಯದರಲ್ಲಿ ಹೆಸರಿಸಿದ ದೇಶಗಳಿಂದ ಆ ಸಸ್ಯವನ್ನು ತರುವಂತೆಯೇ ಇಲ್ಲ, ಐದನೆಯದರಲ್ಲಿ ಇದ್ದರೆ ಗೊತ್ತುಪಡಿಸಿದ ಸಂಸ್ಥೆಗಳ ಶಿಫಾರಸಿನ ಮೇಲೆ ಮಾತ್ರ, ಆರನೆಯದರಲ್ಲಿ ಇದ್ದರೆ ಆಮದು ಪರವಾನಗಿ ಮತ್ತು ಅಲ್ಲಿ ಹೇಳಿದ ಹೆಚ್ಚುವರಿ ಘೋಷಣೆಗಳೊಂದಿಗೆ, ಏಳನೆಯದರಲ್ಲಿ ಇರುವುದು ತಿನ್ನಲು ಅಥವಾ ಸಂಸ್ಕರಿಸಲು ತರುವ ಸರಕು, ಅದಕ್ಕೆ ಪರವಾನಗಿ ಬೇಡ, ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ತಪಾಸಣೆ ಬೇಕು, ಎಂಟನೆಯದು ಸರಕಿನ ಜೊತೆ ಬರಬಾರದ ಕಳೆಗಳ ಪಟ್ಟಿ. ಯಾವ ಅನುಸೂಚಿಯಲ್ಲೂ ಇಲ್ಲದ ಸಸ್ಯವನ್ನು ಪೀಡೆ ಅಪಾಯ ವಿಶ್ಲೇಷಣೆ ಮುಗಿಯುವ ಮೊದಲು ತರಲಾಗದು.

ಈಗ ಕೊಡಗಿನಲ್ಲಿ ಬೆಣ್ಣೆಹಣ್ಣಿನ ಹಾಸ್ ತಳಿಯ ಕಸಿಗಿಡಗಳಿಗೆ ಬೇಡಿಕೆ ಬಂದಿದೆ. ವಿದೇಶಿ ನರ್ಸರಿಯಿಂದ ತರಿಸುವುದಾದರೆ ಹಣ ಕಳುಹಿಸುವ ಮೊದಲು ಪರವಾನಗಿ ಕೈಯಲ್ಲಿರಬೇಕು; ನಾಟಿ ಸಾಮಗ್ರಿಗೆ ಎಲ್ಲ ಬಂದರುಗಳೂ ತೆರೆದಿಲ್ಲವಾದ್ದರಿಂದ ಪ್ರವೇಶ ಸ್ಥಳವನ್ನು ಪರವಾನಗಿಯಲ್ಲೇ ನೋಡಿಕೊಳ್ಳಬೇಕು; ಬೇರಿಗೆ ಮಣ್ಣು ಅಂಟಿರಬಾರದು; ಪ್ರವೇಶೋತ್ತರ ಸಂಗರೋಧಕ್ಕೆ ಒಳಪಡುವ ಸಸ್ಯವಾದರೆ ಅಧಿಕಾರಿಗಳು ಮೊದಲೇ ಒಪ್ಪಿದ, ಉಳಿದ ತೋಟದಿಂದ ಪ್ರತ್ಯೇಕವಾದ ಜಾಗದಲ್ಲಿ ಗೊತ್ತುಪಡಿಸಿದ ಅವಧಿಯವರೆಗೆ ಬೆಳೆಸಿ ತಪಾಸಣೆಗೆ ಒಪ್ಪಿಸಬೇಕು. ಆ ಅವಧಿಯಲ್ಲಿ ಒಂದು ಕಡ್ಡಿಯನ್ನೂ ನೆಂಟರಿಗೆ ಕೊಡುವಂತಿಲ್ಲ. ಇಲ್ಲಿನ ನರ್ಸರಿಯಿಂದ ‘ಆಮದು ಗಿಡ’ ಎಂದು ಕೊಳ್ಳುವವರು ಪರವಾನಗಿಯ ಮತ್ತು ಸಂಗರೋಧ ಮುಗಿದ ಪತ್ರದ ಪ್ರತಿ ಕೇಳಿ. ಕೊಡಲು ಹಿಂಜರಿದರೆ ಗಿಡ ಬೇಡ.

ಆಮದಾಗುವ ಮೆಣಸಿನ ವಿಷಯ

ಗೋಣಿಕೊಪ್ಪದ ಮಾರುಕಟ್ಟೆಯಲ್ಲಿ ಮೆಣಸಿನ ಬೆಲೆ ಏಕೆ ಏರಿಳಿಯುತ್ತದೆ ಎಂದು ತಿಳಿಯಬೇಕಾದರೆ ಆಮದಿನ ನಿಯಮ ಗೊತ್ತಿರಬೇಕು. ಕಾಳುಮೆಣಸಿನ ಮೂಲ ಆಮದು ಸುಂಕ ಶೇ 70. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದಡಿ ವಿಯೆಟ್ನಾಂ ಮೆಣಸಿಗೆ ಅದು ಶೇ 50ರ ಆಸುಪಾಸಿಗೆ ಇಳಿಯುತ್ತದೆ. ಶ್ರೀಲಂಕಾದ ಮೆಣಸಿಗೆ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತದೆಂಬ ಬೆಳೆಗಾರರ ದೂರಿನ ಹಿಂದೆ ಈ ಅಂತರವಿದೆ. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನೇ ನಿಷೇಧಿಸಲಾಯಿತು, ಮರುರಫ್ತಿಗೆಂದು ತರುವ ಘಟಕಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಸುಂಕ ರಿಯಾಯಿತಿ ಕೇಳುವ ಆಮದುದಾರರು ಸರಕಿನ ಮೂಲದ ಬಗ್ಗೆ ಸ್ವತಃ ಪುರಾವೆ ಹೊಂದಿರಬೇಕೆಂಬ ನಿಯಮ 2020ರ ಸೆಪ್ಟೆಂಬರ್ 21ರಿಂದ ಇದೆ. ಮಾರುಕಟ್ಟೆಯಲ್ಲಿ ಅನುಮಾನಾಸ್ಪದ ಸರಕು ಕಂಡವರು ಲಾರಿಯ ಬಿಲ್ಲು, ಚೀಲದ ಗುರುತಿನ ಫೋಟೊ, ದಿನಾಂಕ ಸಹಿತ ಕಸ್ಟಮ್ಸ್‌ಗೆ ಬರೆದರೆ ಮಾತ್ರ ಈ ನಿಯಮದಡಿ ವಿಚಾರಣೆಗೆ ಹಿಡಿತ ಸಿಗುತ್ತದೆ; ವೇದಿಕೆಯ ಭಾಷಣದಿಂದ ಸಿಗುವುದಿಲ್ಲ.

ತೋಟದಲ್ಲಿ ಅಪರಿಚಿತ ಕೀಟ ಕಂಡರೆ

ಸೋಮವಾರಪೇಟೆ, ಶನಿವಾರಸಂತೆ ಭಾಗದ ತೋಟಗಳಲ್ಲಿ ಆಫ್ರಿಕನ್ ದೈತ್ಯ ಬಸವನಹುಳು ಹೆಚ್ಚಿದ್ದನ್ನು ಕಂಡವರಿಗೆ ಪೀಡೆ ಕಂಡ ಮೊದಲ ವಾರದಲ್ಲೇ ಎಚ್ಚೆತ್ತುಕೊಳ್ಳುವುದರ ಬೆಲೆ ಗೊತ್ತು. ಹಿಂದೆ ಕಂಡಿರದ ಹುಳು, ಎಲೆಚುಕ್ಕೆ, ಸೊರಗು ಕಂಡರೆ ಗಿಡವನ್ನು ಕಿತ್ತು ಪೇಟೆಗೆ ಒಯ್ಯಬೇಡಿ. ದಾರಿಯುದ್ದಕ್ಕೂ ಅದನ್ನು ಹರಡಿದಂತಾಗುತ್ತದೆ. ಇದ್ದಲ್ಲೇ ಹತ್ತಿರದಿಂದ ಮತ್ತು ದೂರದಿಂದ ಫೋಟೊ ತೆಗೆದು, ಸ್ಥಳ ಗುರುತಿಸಿ, ಕಾಫಿಯಾದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ, ಮೆಣಸು ಅಥವಾ ಏಲಕ್ಕಿಯಾದರೆ ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ, ಹಣ್ಣಿನ ಬೆಳೆಯಾದರೆ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೆ ತಿಳಿಸಿ. ಅವರು ಮಾದರಿ ಕೇಳಿದರೆ ಕೀಟವನ್ನು ಬಿಗಿ ಮುಚ್ಚಳದ ಸಣ್ಣ ಸೀಸೆಯಲ್ಲಿ ಸ್ಪಿರಿಟ್‌ನಲ್ಲಿ ಮುಳುಗಿಸಿ. ರೋಗದ ಎಲೆಯನ್ನು ಒದ್ದೆ ಮಾಡದೆ ಕಾಗದದಲ್ಲಿ ಮಡಚಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ. ಮೇಲೆ ದಿನಾಂಕ, ಗ್ರಾಮ, ಬ್ಲಾಕಿನ ಹೆಸರು, ಬೆಳೆ, ಆ ಗಿಡ ಎಲ್ಲಿಂದ ತಂದದ್ದು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಸ್ಪಿರಿಟ್ ತಾಗಿದರೆ ಶಾಯಿ ಅಳಿಸಿಹೋಗುತ್ತದೆ.